ಬ್ರೂಟಸ್‌ನ ಪಾರ್ಟು

ಹಾಸನದ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವುದಕ್ಕೆ ಒಂದು ಲೆಕ್ಕಾಚಾರವಿದೆ. ಪಾರ್ಟು ಮಾಡುವವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಕರ್ಣನಿಗೆ ಅದಕ್ಕಿಂತ ತುಸು ಕಡಿಮೆ, ವಿದುರನಂಥವರಿಗೆ ಇನ್ನೂ ಕಡಿಮೆ. ಯಾವ ಪಾರ್ಟಿಗೆ ಹಾಡು ಹೆಚ್ಚೋ ಅದಕ್ಕೆ ಬೆಲೆ ಹೆಚ್ಚು. ದುದ್ದದ ಹತ್ತಿರದ ನಮ್ಮೂರಿನಲ್ಲಿ ನಾನು ಎರಡು ಸಲ ಕರ್ಣನಾಗಿದ್ದೇನೆ. ಮೊದಲನೆಯ ಸಲ ನನ್ನ ಪಾಲಿನ ಹಣ ಕಟ್ಟಿ, ಕಿರೀಟ ಭುಜಕೀರ್ತಿಗಳ ಬಾಡಿಗೆಯನ್ನೂ ಕೊಟ್ಟವರು ನಮ್ಮ ಬೀದಿಯ ಹಿರಿಯರೊಬ್ಬರು. ರಕ್ತಸಂಬಂಧವಿಲ್ಲದಿದ್ದರೂ ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಹೀಗಾಗಿ ಹಾಸನದ ಹವ್ಯಾಸಿ ತಂಡವೊಂದು ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಕನ್ನಡದಲ್ಲಿ ಆಡಲು ಹೊರಟು, ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವ ನನಗೂ ಹೇಳಿಕಳುಹಿಸಿದಾಗ, ಆ ನಾಟಕದಲ್ಲಿ ಯಾರಿಗೆ ಮಾತು ಹೆಚ್ಚು ಎಂದೇ ನಾನು ಮೊದಲು ಕೇಳಿದ್ದು.

ನಿರ್ದೇಶಕರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಅನುವಾದವೂ ಅವರದೇ. ನಾಟಕಕ್ಕೆ ಸೀಸರನ ಹೆಸರಿದ್ದರೂ ಮೂಲದಲ್ಲಿ ಅವನಿಗಿರುವುದು 150ರ ಆಸುಪಾಸು ಸಾಲುಗಳು, ನಾಟಕದ ನಡುವಿನಲ್ಲೇ ಅವನು ಸಾಯುತ್ತಾನೆ, ಅವನನ್ನು ಕೊಲ್ಲುವವರಲ್ಲಿ ಒಬ್ಬನಾದ ಬ್ರೂಟಸ್‌ನಿಗೆ 700ಕ್ಕೂ ಹೆಚ್ಚು ಸಾಲುಗಳಿವೆ ಎಂದು ಅವರು ಹೇಳಿದರು. ನನಗೆ ಸೀಸರನ ಗೆಳೆಯ ಆಂಟನಿಯ ಮೇಲೆ ಕಣ್ಣಿತ್ತು. ಶವದ ಮುಂದೆ ನಿಂತು ಊರನ್ನೇ ಹೊತ್ತಿಸುವ ಭಾಷಣ ಅವನದೆಂದು ಶಾಲೆಯ ದಿನಗಳಿಂದಲೇ ಗೊತ್ತಿತ್ತು. ಆದರೆ ಆಂಟನಿಯನ್ನು ಒಬ್ಬ ಯುವ ವಕೀಲರಿಗೆ, ಸೀಸರನ ವಿರುದ್ಧ ಸಂಚು ಹೂಡುವ ಕ್ಯಾಸಿಯಸ್‌ನನ್ನು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವರೊಬ್ಬರಿಗೆ ಕೊಟ್ಟು, ಮೇಷ್ಟ್ರು ನನಗೆ ಬ್ರೂಟಸ್‌ನನ್ನು ಕೊಟ್ಟರು. “ಕರ್ಣನ್ನ ಮಾಡಿದ್ದೀರಿ. ಎರಡು ಕಡೆಗೂ ಸಲ್ಲಬೇಕಾದವನ ಸಂಕಟ ನಿಮಗೆ ಗೊತ್ತಿರುತ್ತೆ” ಎಂದರು. ಆ ಮಾತು ನನ್ನನ್ನು ಎರಡು ತಿಂಗಳು ದಾರಿ ತಪ್ಪಿಸಿತು.

ಡಿಸೆಂಬರ್ ಮೊದಲ ವಾರದಿಂದ ಸಾಲಗಾಮೆ ರಸ್ತೆಯ ಕಡೆ ಒಂದು ಮಹಡಿಯ ಕೋಣೆಯಲ್ಲಿ ಸಂಜೆ ಆರೂವರೆಗೆ ತಾಲೀಮು. ಒಂಬತ್ತರ ಹೊತ್ತಿಗೆ ನಾನು ಬಸ್ಸಿಗೆ ಓಡಬೇಕಿತ್ತು. ಮೊದಲ ವಾರವೆಲ್ಲ ಮೇಷ್ಟ್ರು ನಮಗೆ ಚರಿತ್ರೆ ಹೇಳಿದರು. ಪ್ಲುಟಾರ್ಕ್ ಬರೆದ ಜೀವನಚರಿತ್ರೆಗಳು ಥಾಮಸ್ ನಾರ್ತ್‌ನ ಇಂಗ್ಲಿಷಿನಲ್ಲಿ 1579ರಲ್ಲಿ ಪ್ರಕಟವಾದದ್ದು, ಅವನ್ನು ಆಧರಿಸಿ ಷೇಕ್ಸ್‌ಪಿಯರ್ ಬರೆದ ಈ ನಾಟಕವನ್ನು 1599ರಲ್ಲಿ ಲಂಡನ್ನಿಗೆ ಬಂದ ಸ್ವಿಟ್ಜರ್ಲೆಂಡಿನ ಪ್ರವಾಸಿಯೊಬ್ಬ ನೋಡಿ ಬರೆದಿಟ್ಟದ್ದು ಇತ್ಯಾದಿ. ಇವುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬ್ರೂಟಸ್‌ನ ಮನೆತನದ ಕಥೆ. ರೋಮಿನಿಂದ ರಾಜನನ್ನು ಓಡಿಸಿ ಗಣರಾಜ್ಯ ಸ್ಥಾಪಿಸಿದವನೆಂದು ಹೇಳುವ ಹಳೆಯ ಬ್ರೂಟಸ್, ರಾಜನನ್ನು ಮರಳಿ ತರಲು ಸಂಚು ಹೂಡಿದ ತನ್ನ ಸ್ವಂತ ಮಕ್ಕಳಿಗೇ ಮರಣದಂಡನೆ ವಿಧಿಸಿದನಂತೆ. ಆ ಹೆಸರನ್ನೇ ಹೊತ್ತ ನಮ್ಮ ಬ್ರೂಟಸ್‌ನ ತಂದೆಯನ್ನು ಕೊಂದವನು ರೋಮಿನ ಸೇನಾಪತಿ ಪಾಂಪೆ. ಆದರೂ ಸೀಸರನಿಗೂ ಪಾಂಪೆಗೂ ಯುದ್ಧ ಬಂದಾಗ ಬ್ರೂಟಸ್ ತಂದೆಯನ್ನು ಕೊಂದವನ ಪಕ್ಷದಲ್ಲೇ ನಿಂತ, ಏಕೆಂದರೆ ಗಣರಾಜ್ಯದ ಪಕ್ಷ ಅದೆಂದು ಅವನು ನಂಬಿದ್ದ. ಕ್ರಿ.ಪೂ. 48ರಲ್ಲಿ ಗೆದ್ದ ಸೀಸರ್ ಅವನನ್ನು ಕ್ಷಮಿಸಿ, ಹತ್ತಿರ ಇಟ್ಟುಕೊಂಡು, ಪದವಿಯನ್ನೂ ಕೊಟ್ಟ. ನಾಲ್ಕು ವರ್ಷಗಳ ಮೇಲೆ ಅದೇ ಸೀಸರನಿಗೆ ಇವನು ಕತ್ತಿಯಿಂದ ಇರಿದ. ಇಷ್ಟು ಕೇಳಿದ ಮೇಲೆ ಇವನು ನಮ್ಮ ಕರ್ಣನೇ ಸರಿ, ಉಡುಪೊಂದು ಬೇರೆ ಎಂದು ನಾನು ತೀರ್ಮಾನಿಸಿದೆ.

ಕರ್ಣನನ್ನು ಮಾಡುವವನಿಗೆ ಒಂದು ಭಂಗಿ ಅಭ್ಯಾಸವಾಗಿರುತ್ತದೆ. ಕೃಷ್ಣ ಬಂದು ಜನ್ಮರಹಸ್ಯ ಹೇಳಿದಾಗ, ಕುಂತಿ ಬಂದು ಸೆರಗೊಡ್ಡಿದಾಗ, ಎದೆಯ ಮೇಲೆ ಕೈಯಿಟ್ಟು ಮುಖ ಮೇಲೆತ್ತಿ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುವವರೆಗೆ ನಿಂತು, ಆಮೇಲೆ ಹಾಡು. ಅಲ್ಲಿ ಸಂಕಟವೆಷ್ಟಿದ್ದರೂ ಸಂದೇಹವಿಲ್ಲ. ಉಂಡ ಉಪ್ಪಿನ ಋಣವೇ ದೊಡ್ಡದೆಂದು ಕರ್ಣನಿಗೆ ಮೊದಲೇ ಗೊತ್ತು. ಹಳಗನ್ನಡದವರು ಜೋಳವಾಳಿ ಎಂದರೂ ನಾವು ಉಪ್ಪು ಎಂದರೂ ಮಾತು ಒಂದೇ. ಬ್ರೂಟಸ್ ರಾತ್ರಿ ನಿದ್ದೆಗೆಟ್ಟು ತೋಟದಲ್ಲಿ ಒಬ್ಬನೇ ಮಾತಾಡುವ ದೃಶ್ಯವನ್ನು ನಾನು ಇದೇ ಭಂಗಿಯಲ್ಲಿ ಮಾಡಿದೆ. ಮೇಷ್ಟ್ರು ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ, “ಇದರಲ್ಲಿ ‘ಬಹುದು’ ಅನ್ನೋ ಮಾತು ಎಷ್ಟು ಸಲ ಬರುತ್ತೆ ಎಣಿಸಿಕೊಂಡು ಬನ್ನಿ” ಎಂದರು.

ಬಸ್ಸಿನಲ್ಲಿ ಕುಳಿತು ಪೆನ್ನಿನಿಂದ ಗುರುತು ಹಾಕುತ್ತಾ ಹೋದೆ. ಆ ಸ್ವಗತ ಶುರುವಾಗುವುದೇ ತೀರ್ಪಿನಿಂದ: ಅವನು ಸಾಯಲೇಬೇಕು. ಕಾರಣಗಳು ಬರುವುದು ಆಮೇಲೆ. ಅವನ ಮೇಲೆ ನನಗೆ ಸ್ವಂತದ ಹಗೆಯಿಲ್ಲ, ಇದೆಲ್ಲ ಎಲ್ಲರ ಸಲುವಾಗಿ. ಕಿರೀಟ ಬಂದರೆ ಅವನ ಸ್ವಭಾವ ಬದಲಾಗಬಹುದು. ಏಣಿಯ ತುದಿ ಮುಟ್ಟಿದವನು ಕೆಳಗಿನ ಮೆಟ್ಟಿಲುಗಳನ್ನು ತುಚ್ಛವಾಗಿ ಕಾಣಬಹುದು. ಆದ್ದರಿಂದ ಅವನನ್ನು ಹಾವಿನ ಮೊಟ್ಟೆ ಎಂದು ತಿಳಿದು ಚಿಪ್ಪಿನಲ್ಲಿಯೇ ಕೊಲ್ಲಬೇಕು. ಸೀಸರ್ ಇದುವರೆಗೆ ವಿವೇಕ ಮೀರಿ ನಡೆದದ್ದನ್ನು ತಾನು ಕಂಡಿಲ್ಲ ಎಂದು ಅವನೇ ನಡುವೆ ಒಪ್ಪಿಕೊಳ್ಳುತ್ತಾನೆ. ಅಂದರೆ ಕೊಲ್ಲಲು ಹೊರಟಿರುವುದು ಮಾಡಿದ ತಪ್ಪಿಗಲ್ಲ, ಮಾಡಬಹುದಾದ ತಪ್ಪಿಗೆ. ಕರ್ಣನಿಗೆ ಎರಡು ಋಣಗಳು ಕಣ್ಣೆದುರು ನಿಂತಿದ್ದವು. ಬ್ರೂಟಸ್‌ನ ಕಣ್ಣೆದುರು ಒಂದು ಋಣವಿದೆ, ಇನ್ನೊಂದು ಬರಿಯ ಊಹೆ. ಊಹೆಯ ಕಡೆ ತಕ್ಕಡಿ ತಗ್ಗಲೆಂದು ಅವನು ಒಂದೊಂದೇ ‘ಬಹುದು’ ಹಾಕುತ್ತಿದ್ದಾನೆ. ದುದ್ದ ದಾಟುವಷ್ಟರಲ್ಲಿ ನಾನು ಪೆನ್ನು ಮುಚ್ಚಿ ಜೇಬಿಗೆ ಹಾಕಿದ್ದೆ.

ಕಾರಣ ಹೇಳಬೇಕು. ಅದಕ್ಕೆ ಮೂರು ವರ್ಷ ಮೊದಲು ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಅಧ್ಯಕ್ಷರ ಮೇಲೆ ಅವಿಶ್ವಾಸ ತಂದಾಗ ನಾನೂ ಒಬ್ಬ ನಿರ್ದೇಶಕನಾಗಿದ್ದೆ, ನೋಟೀಸಿಗೆ ಸಹಿ ಮಾಡಿದ್ದೆ. ಅಧ್ಯಕ್ಷರಾಗಿದ್ದವರು ಬೇರಾರೂ ಅಲ್ಲ, ನನ್ನ ಕರ್ಣನ ಪಾರ್ಟಿಗೆ ದುಡ್ಡು ಕಟ್ಟಿದ ದೊಡ್ಡಪ್ಪ. ಲೆಕ್ಕದಲ್ಲಿ ಒಂದು ರೂಪಾಯಿಯ ತಪ್ಪೂ ಇರಲಿಲ್ಲ. ಲೆಕ್ಕ ಬರೆಯುವವನಾದ ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಹದಿನೈದು ವರ್ಷ ಒಬ್ಬರೇ ಕುಳಿತಿದ್ದಾರೆ, ಮುಂದೆ ಮಗನನ್ನು ಕಾರ್ಯದರ್ಶಿ ಮಾಡಬಹುದು, ಆಮೇಲೆ ಸೊಸೈಟಿ ಮನೆಯ ಆಸ್ತಿಯಾಗಬಹುದು ಎಂಬ ಮಾತು ಎದ್ದಿತ್ತು. ಊರಿನ ಹಿತ ದೊಡ್ಡದೆಂದು ನಾನು ಸಹಿ ಮಾಡಿದೆ. ಸಹಿ ಮಾಡುವ ಮುನ್ನ ಅವರಿಗೆ ಒಂದು ಮಾತು ಹೇಳಬೇಕೆನಿಸಿತ್ತು, ಹೇಳಲಿಲ್ಲ. ಅಧಿಕಾರ ಹೋದ ವಾರದಲ್ಲಿ ಅವರು ಬಸ್ಸಿನ ನಿಲ್ದಾಣದ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು, ಎಲೆ ಅಡಿಕೆ ಬಿಚ್ಚಿ, “ಈ ಸಲ ಹಬ್ಬಕ್ಕೆ ಕರ್ಣನ ಪಾರ್ಟು ಯಾರು ಮಾಡ್ತಾವ್ರಪ್ಪ?” ಎಂದು ಕೇಳಿದರು. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಇದನ್ನು ನಾನು ತಂಡದಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಮರುದಿನದಿಂದ ಎದೆಯ ಮೇಲಿನ ಕೈ ತಾನಾಗಿ ಇಳಿಯಿತು, ಸ್ವಗತದ ವೇಗ ಹೆಚ್ಚಿತು. ತಾನು ಹೇಳುತ್ತಿರುವುದನ್ನು ತಾನೇ ನಿಧಾನವಾಗಿ ಕೇಳಿಸಿಕೊಳ್ಳಲು ಇಷ್ಟವಿಲ್ಲದವನು ಹೇಗೆ ಮಾತಾಡುತ್ತಾನೋ ಹಾಗೆ. ಮೇಷ್ಟ್ರು ತಲೆದೂಗಿದರು. ಅದೇ ದೃಶ್ಯದಲ್ಲಿ ಕಿಟಕಿಯಿಂದ ಎಸೆದ ಕಾಗದವೊಂದು ಬರುತ್ತದೆ, ಕ್ಯಾಸಿಯಸ್ ಬೇರೆ ಬೇರೆ ಕೈಬರಹದಲ್ಲಿ ಬರೆಸಿ ಹಾಕಿಸಿದ ಕಾಗದಗಳಲ್ಲಿ ಅದೊಂದು. ತಾಲೀಮಿಗೆ ನಮ್ಮ ಕ್ಯಾಸಿಯಸ್ ತನ್ನ ಅಂಗಡಿಯ ಬಿಲ್ಲಿನ ಹಾಳೆಯ ಬೆನ್ನಿನ ಮೇಲೆ ಅದನ್ನು ಬರೆದು ತಂದಿದ್ದರು. “ಬ್ರೂಟಸ್, ನಿದ್ರಿಸುತ್ತಿದ್ದೀಯೆ, ಎದ್ದೇಳು” ಎಂದಾದ ಮೇಲೆ “ರೋಮ್...” ಎಂದಿಷ್ಟೇ ಇದ್ದು ಮುಂದೆ ಖಾಲಿ. ಆ ಖಾಲಿಯನ್ನು ಬ್ರೂಟಸ್ ಸ್ವತಃ ತುಂಬಿಕೊಳ್ಳುತ್ತಾನೆ: ರೋಮ್ ಒಬ್ಬನ ಭಯದ ಕೆಳಗೆ ಬಾಳಬೇಕೆ? ಕಾಗದವನ್ನು ತಿರುಗಿಸಿದರೆ ಹಿಂದುಗಡೆ ಎರಡು ಸ್ವಿಚ್ಚು, ಒಂದು ಹೋಲ್ಡರಿನ ಲೆಕ್ಕ. ಮೋಸಮಾಡುವವನು ಅರ್ಧ ಬರೆದರೆ ಸಾಕು, ಪ್ರಾಮಾಣಿಕನು ಉಳಿದರ್ಧವನ್ನು ತನ್ನ ಕೈಯಾರೆ ಬರೆದುಕೊಳ್ಳುತ್ತಾನೆ ಎಂದು ಮೇಷ್ಟ್ರು ಹೇಳಿದ್ದು ಅಂದು ನನಗೆ ಹೇಳಿದಂತೆಯೇ ಕೇಳಿಸಿತು.

ಜನವರಿಯ ಒಂದು ಭಾನುವಾರ ಮೇಷ್ಟ್ರು ನಮ್ಮನ್ನೆಲ್ಲ ಹಳೇಬೀಡಿಗೆ ಕರೆದುಕೊಂಡು ಹೋದರು. ಹಾಸನದಿಂದ ಸುಮಾರು 30 ಕಿಲೋಮೀಟರ್ ದೂರದ ಆ ದೇವಾಲಯವನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಿಲ್ಲ, ಆದರೆ ಹೊಯ್ಸಳೇಶ್ವರನ ದಕ್ಷಿಣಕ್ಕಿರುವ ಗರುಡಗಂಬದ ಹತ್ತಿರ ನಾನು ಅದುವರೆಗೆ ಐದು ನಿಮಿಷವೂ ನಿಂತಿರಲಿಲ್ಲ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ತನ್ನ ಹೆಂಡತಿ ಮತ್ತು ಸಂಗಡದ ವೀರರೊಂದಿಗೆ ಪ್ರಾಣ ಕೊಟ್ಟದ್ದನ್ನು ಆ ಕಂಬದ ಶಾಸನ ಹೇಳುತ್ತದೆ. ಕಂಬದ ಸುತ್ತ ಚಿಕ್ಕ ಚಿಕ್ಕ ವೀರರು, ಅಂಗೈಯಗಲ ಕೂಡ ಇಲ್ಲ. ಕೆಲವರ ಕೈಯಲ್ಲಿ ಕತ್ತಿ ಇನ್ನೂ ಮೇಲಿದೆ, ಕೆಲವರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಒಡೆಯನ ಬಳಿಕ ಬದುಕುವುದಿಲ್ಲವೆಂದು ಭಾಷೆ ಕೊಟ್ಟ ಗರುಡರು ಅವರು. ಅವರ ಮುಖದಲ್ಲಿ ನನಗೆ ಯಾವ ಯೋಚನೆಯೂ ಕಾಣಲಿಲ್ಲ, ಶಿಲ್ಪಿ ಸವೆಸಿದನೋ ಮಳೆ ಸವೆಸಿತೋ ತಿಳಿಯದು. “ನಮ್ಮ ನಾಟಕದಲ್ಲೂ ಗರುಡರಿದ್ದಾರೆ. ಕ್ಯಾಸಿಯಸ್ ಸತ್ತಾಗ ಅವನ ಹೆಣಕ್ಕೆ ಜಯಮಾಲೆ ಹಾಕಿ, ಅವನ ಕತ್ತಿಯಿಂದಲೇ ಇರಿದುಕೊಳ್ಳುವ ಟಿಟಿನಿಯಸ್ ಅಂಥವನು. ಬ್ರೂಟಸ್ ಮಾತ್ರ ಈ ಕಂಬದ ಮೇಲೆ ಹಿಡಿಸುವುದಿಲ್ಲ” ಎಂದರು ಮೇಷ್ಟ್ರು. ಒಬ್ಬ ಮನುಷ್ಯನಿಗೆ ನಿಷ್ಠನಾದವನನ್ನು ಕಲ್ಲಿನಲ್ಲಿ ಕೆತ್ತಬಹುದು, ಒಂದು ವಿಚಾರಕ್ಕೆ ನಿಷ್ಠನಾಗಿ ಮನುಷ್ಯನನ್ನು ಬಿಟ್ಟವನನ್ನು ಏನು ಮಾಡಬೇಕೆಂದು ಯಾರಿಗೂ ತಿಳಿದಂತಿಲ್ಲ. ದಾಂತೆ ಅವನನ್ನು ನರಕದ ತಳದಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನ ಸಾಲಿಗೆ ಹಾಕಿದ. ಷೇಕ್ಸ್‌ಪಿಯರನು ಶತ್ರುವಾದ ಆಂಟನಿಯ ಬಾಯಿಂದಲೇ ರೋಮನರಲ್ಲೆಲ್ಲ ಉದಾತ್ತನೆಂದು ಹೇಳಿಸಿದ.

ಸಂಚಿನ ದೃಶ್ಯಗಳ ತಾಲೀಮಿನಲ್ಲಿ ನಗುವೇ ಹೆಚ್ಚಿತ್ತು. ಎಲ್ಲರೂ ಆಣೆ ಮಾಡೋಣವೆಂದು ಕ್ಯಾಸಿಯಸ್ ಹೇಳಿದರೆ, ಪ್ರಾಮಾಣಿಕರಿಗೆ ಆಣೆ ಏಕೆಂದು ಬ್ರೂಟಸ್ ತಡೆಯುತ್ತಾನೆ. ನಮ್ಮ ಕಡೆ ಅವಿಶ್ವಾಸವೆಂದರೆ ಸದಸ್ಯರನ್ನು ವ್ಯಾನಿಗೆ ಹತ್ತಿಸಿ ಧರ್ಮಸ್ಥಳಕ್ಕೆ ಕರೆದೊಯ್ದು ಮಂಜುನಾಥನ ಮುಂದೆ ಆಣೆ ಮಾಡಿಸುವುದು ವಾಡಿಕೆ. ಆಣೆ ಇಲ್ಲದೆ ಈ ಸಂಚು ನಡೆದದ್ದೇ ಹೆಚ್ಚೆಂದು ಕ್ಯಾಸ್ಕಾನ ಪಾರ್ಟಿನವರು ಹೇಳಿದರು. ಆಣೆ ಬೇಡ, ಸಂಚಿಗೆ ವಾಗ್ಮಿ ಸಿಸೆರೊ ಬೇಡ, ಆಂಟನಿಯನ್ನು ಕೊಲ್ಲುವುದು ಬೇಡ, ಶವದ ಮುಂದೆ ಅವನು ಮಾತಾಡಲಿ, ಯುದ್ಧಕ್ಕೆ ಫಿಲಿಪ್ಪಿಗೆ ನಾವೇ ಹೋಗೋಣ ಎಂದು ಬ್ರೂಟಸ್ ಪ್ರತಿ ಸಲವೂ ಕ್ಯಾಸಿಯಸ್‌ನ ಮಾತನ್ನು ತಳ್ಳಿಹಾಕುತ್ತಾನೆ. ಆಂಟನಿಯ ವಿಷಯದಲ್ಲೂ ಫಿಲಿಪ್ಪಿಯ ವಿಷಯದಲ್ಲೂ ಕ್ಯಾಸಿಯಸ್ ಹೇಳಿದ್ದೇ ಸರಿಯಾಗುತ್ತದೆ. “ಸರಿ ಹೇಳೋನು ನಾನು, ಒಳ್ಳೆಯವನು ಅನ್ನಿಸಿಕೊಳ್ಳೋರು ನೀವು” ಎಂದು ನಮ್ಮ ಕ್ಯಾಸಿಯಸ್ ತಾಲೀಮು ಮುಗಿಯುವವರೆಗೂ ಗೊಣಗಿದರು. ಅವರ ದೂರಿನಲ್ಲಿ ನಿಜವಿದೆ. ಬ್ರೂಟಸ್‌ನಿಗೆ ಸೀಸರನ ಸಾವಷ್ಟೇ ಬೇಕಾಗಿರಲಿಲ್ಲ, ಆ ಸಾವು ಶುಚಿಯಾಗಿಯೂ ಇರಬೇಕಿತ್ತು. ನಾವು ಬಲಿ ಕೊಡುವವರಾಗೋಣ, ಕಟುಕರಾಗುವುದು ಬೇಡ ಎನ್ನುತ್ತಾನೆ. ಮಾರಿಹಬ್ಬ ಕಂಡ ನಮ್ಮೂರವರು ಯಾರಾದರೂ ಅಲ್ಲಿದ್ದಿದ್ದರೆ, ಕೋಣನಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲಪ್ಪ ಎನ್ನುತ್ತಿದ್ದರು.

ರಕ್ತಕ್ಕೆ ನಾವು ಓಕುಳಿ ಮಾಡಿಕೊಂಡೆವು. ಪೇಟೆಯ ಬಣ್ಣ ಬಿಳಿಯ ಪಂಚೆಗೆ ಹಿಡಿದರೆ ಹೋಗದೆಂದು, ಬ್ರೂಟಸ್‌ನ ಹೆಂಡತಿ ಪೋರ್ಷಿಯಾಳ ಪಾರ್ಟು ಮಾಡುತ್ತಿದ್ದ ಶಿಕ್ಷಕಿ ತಾವೇ ಬಕೆಟ್ಟಿನಲ್ಲಿ ಅರಿಶಿನ ಕದಡಿ ಸುಣ್ಣ ಹಾಕಿದರು. ನೀರು ನೋಡುನೋಡುತ್ತಿದ್ದಂತೆ ಕೆಂಪಾಯಿತು. ಸೀಸರನ ರಕ್ತದಲ್ಲಿ ಮೊಣಕೈವರೆಗೂ ಕೈ ಅದ್ದಿರೆಂದು ಬ್ರೂಟಸ್‌ನೇ ಹೇಳುವ ಮಾತಿದೆ. ನಾನು ಕೈ ಅದ್ದಿದಾಗ ಮೂಗಿಗೆ ಬಡಿದದ್ದು ಆರತಿ ತಟ್ಟೆಯ ವಾಸನೆ, ಹೊಸ ಸೊಸೆ ಮನೆತುಂಬುವ ದಿನ ಹೊಸಿಲಲ್ಲಿ ಚೆಲ್ಲುವ ನೀರಿನ ವಾಸನೆ. ಶುಭವೆಂದುಕೊಂಡೇ ಬ್ರೂಟಸ್ ಅದನ್ನು ಮಾಡಿದನೆಂದು ಅದಕ್ಕಿಂತ ಸ್ಪಷ್ಟವಾಗಿ ನನಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ.

ಸೀಸರನ ಕೊನೆಯ ಮಾತು ನಮ್ಮನ್ನು ಒಂದು ವಾರ ಕಾಡಿಸಿತು. ಮೂಲದಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿದ್ದು ಅದೊಂದು ಮಾತು ಮಾತ್ರ ಲ್ಯಾಟಿನ್ನಿನಲ್ಲಿದೆ: “ಎಟ್ ಟು, ಬ್ರೂಟೆ?”, ಅಂದರೆ ನೀನೂ ಕೂಡ, ಬ್ರೂಟಸ್? ಇಂಗ್ಲಿಷಿಗೆ ಲ್ಯಾಟಿನ್ ಇದ್ದಂತೆ ನಮಗೆ ಸಂಸ್ಕೃತವೆಂದು ಮೇಷ್ಟ್ರು “ತ್ವಮಪಿ?” ಎಂದು ಹಾಕಿ ನೋಡಿದರು, ಸೀಸರ್ ಸಾಯುವ ಬದಲು ಸಂಧ್ಯಾವಂದನೆಗೆ ಕುಳಿತಂತಾಯಿತು. ಸೀಸರ್ ಗ್ರೀಕಿನಲ್ಲಿ “ನೀನೂನಾ, ಮಗು” ಎಂದನೆಂದು ಕೆಲವರು ಹೇಳುವುದನ್ನು ರೋಮಿನ ಚರಿತ್ರೆಕಾರ ಸ್ಯೂಟೋನಿಯಸ್ ದಾಖಲಿಸಿದ್ದಾನಂತೆ, ಹಾಗೆಂದು “ನೀನೂನಾ, ಮಗಾ” ಎಂದರೆ ಹಾಸನದ ಕಾಲೇಜು ಹುಡುಗರು ಶಿಳ್ಳೆ ಹಾಕದೆ ಬಿಡುವುದಿಲ್ಲ. ಕೊನೆಗೆ ಬರಿಯ “ನೀನೂನಾ” ಉಳಿಯಿತು. ಆ ಮಾತು ಕೇಳಿದಾಗ ನಾನು ಏನು ಮಾಡಬೇಕೆಂದು ಕೇಳಿದೆ. ಏನೂ ಮಾಡಬೇಡಿ ಎಂದರು.

ಮಾರುಕಟ್ಟೆಯ ಚೌಕದ ದೃಶ್ಯದಲ್ಲಿ ಬ್ರೂಟಸ್‌ನ ಭಾಷಣ ಗದ್ಯದಲ್ಲಿದೆ, ಆಂಟನಿಯದು ಪದ್ಯದಲ್ಲಿ. ಸೀಸರನ ಮೇಲಿನ ಪ್ರೀತಿ ನನಗೆ ಕಡಿಮೆಯಿರಲಿಲ್ಲ, ರೋಮಿನ ಮೇಲಿನ ಪ್ರೀತಿ ಹೆಚ್ಚಿತ್ತು ಎಂಬ ಅವನ ಮಾತು ಲೆಕ್ಕದ ಪುಸ್ತಕದ ಎರಡು ಕಡೆ ಸರಿಹೊಂದಿದಂತಿದೆ, ತಪ್ಪು ಹುಡುಕಲಾಗದು, ಕಣ್ಣೀರೂ ಬಾರದು. ಜನ ಒಪ್ಪುತ್ತಾರೆ, ಒಪ್ಪಿ ಕೂಗುವುದು ಮಾತ್ರ ಏನೆಂದರೆ, ಇವನೇ ಸೀಸರನಾಗಲಿ! ಯಾವ ಕಿರೀಟವನ್ನು ತಪ್ಪಿಸಲು ಗೆಳೆಯನನ್ನು ಕೊಂದನೋ ಅದನ್ನೇ ಇವನ ತಲೆಗೆ ತೊಡಿಸಲು ಜನ ಹೊರಟಿದ್ದಾರೆ. ಆ ಕೂಗು ಬ್ರೂಟಸ್‌ನಿಗೆ ಕೇಳಿಸಲಿಲ್ಲವೆಂದು ನಾನು ಮೊದಲು ತಿಳಿದಿದ್ದೆ. ಫೆಬ್ರವರಿಯ ಕೊನೆಗೆ ಕೇಳಿಸಿತೆಂದೇ ನನ್ನ ಮತವಾಯಿತು. ಕೇಳಿಸಿದ್ದರಿಂದಲೇ ಅವನು ಅವಸರದಲ್ಲಿ, ನನ್ನನ್ನು ಒಬ್ಬನೇ ಹೋಗಲು ಬಿಡಿ, ಆಂಟನಿಯ ಮಾತು ಕೇಳಿರಿ ಎಂದು ಹೇಳಿ ವೇದಿಕೆ ಇಳಿಯುತ್ತಾನೆ. ಮೇಷ್ಟ್ರು ಇದನ್ನು ಪೂರ್ತಿ ಒಪ್ಪಲಿಲ್ಲ, ಆದರೆ ಹಾಗೆಯೇ ಮಾಡಲು ಬಿಟ್ಟರು.

ಗುಡಾರದ ಜಗಳ ನನಗೆ ಸುಲಭವಾಗಿ ಬಂತು. ಲಂಚ ಮುಟ್ಟಿದವನೆಂದು ಕ್ಯಾಸಿಯಸ್‌ನನ್ನು ಬೈಯುವ ಬ್ರೂಟಸ್, ಸೈನಿಕರ ಸಂಬಳಕ್ಕೆ ಕೇಳಿದ ಹಣ ಕೊಡಲಿಲ್ಲವೆಂದು ಅದೇ ಉಸಿರಿನಲ್ಲಿ ದೂರುತ್ತಾನೆ. ಹೀನಮಾರ್ಗದಿಂದ ದುಡ್ಡು ಎತ್ತಲು ತನ್ನಿಂದಾಗದು ಎಂಬ ಕಾರಣವನ್ನೂ ಕೊಡುತ್ತಾನೆ. ಇಂಥವರ ಲೆಕ್ಕ ಬರೆದು ನನಗೆ ರೂಢಿಯಿದೆ. ಕಷ್ಟವಾದದ್ದು ಪೋರ್ಷಿಯಾಳ ಸಾವಿನ ಸುದ್ದಿ. ಹೆಂಡತಿ ಸತ್ತಳೆಂದು ಕ್ಯಾಸಿಯಸ್‌ನಿಗೆ ತಾನೇ ತಿಳಿಸಿದ ಬ್ರೂಟಸ್, ಸ್ವಲ್ಪ ಹೊತ್ತಿನ ಬಳಿಕ ಮೆಸ್ಸಾಲ ಅದೇ ಸುದ್ದಿ ತಂದಾಗ ಏನೂ ತಿಳಿಯದವನಂತೆ ಕೇಳಿ, ಸ್ಥಿರವಾಗಿ ಸಹಿಸಿದಂತೆ ತೋರಿಸಿಕೊಳ್ಳುತ್ತಾನೆ. ಷೇಕ್ಸ್‌ಪಿಯರ್ ತಿದ್ದುವ ಮೊದಲಿನದು, ತಿದ್ದಿದ್ದು ಎರಡೂ 1623ರ ಮುದ್ರಣದಲ್ಲಿ ಉಳಿದುಬಿಟ್ಟಿವೆ ಎಂದು ಕೆಲವು ವಿದ್ವಾಂಸರ ಊಹೆಯಂತೆ. ನಾವು ಎರಡನ್ನೂ ಇಟ್ಟುಕೊಂಡೆವು. ಸತ್ಯವಂತನೆಂದು ಹೆಸರಾದವನು ಅಧಿಕಾರಿಗಳ ಮುಂದೆ ಹೆಂಡತಿಯ ಸಾವಿನ ವಿಷಯದಲ್ಲೇ ಸುಳ್ಳು ನಟಿಸುವುದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಸೀಸರ್ ಸತ್ತ ಮಾರ್ಚ್ 15ಕ್ಕೇ ಆಡಬೇಕೆಂದು ಮೇಷ್ಟ್ರಿಗೆ ಆಸೆಯಿತ್ತು. ದಿನ ಹೊಂದದೆ ಒಂದು ವಾರದ ಮೇಲೆ ಹಾಸನಾಂಬ ಕಲಾಕ್ಷೇತ್ರದಲ್ಲಿ ಆಡಿದೆವು. ಊರಿನಿಂದ ಹತ್ತು ಹನ್ನೆರಡು ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ಮೂರನೆಯ ಸಾಲಿನ ತುದಿಯಲ್ಲಿ ದೊಡ್ಡಪ್ಪ ಟವೆಲು ಹೊದ್ದು ಕುಳಿತಿದ್ದುದು ನನಗೆ ಕಂಡದ್ದು “ನೀನೂನಾ” ಮುಗಿದು, ಓಕುಳಿ ಕೈಗಳನ್ನು ಎತ್ತಿ ಸಭೆಯ ಕಡೆ ತಿರುಗಿದಾಗ. ಕಂಡ ಮೇಲೆ ಹತ್ತು ಸಾಲು ಹೇಗೆ ಹೇಳಿದೆನೋ ಗೊತ್ತಿಲ್ಲ, ಪ್ರಾಂಪ್ಟು ಬೇಕಾಗಲಿಲ್ಲವೆಂದು ಆಮೇಲೆ ತಿಳಿಯಿತು. ಕೊನೆಯ ದೃಶ್ಯದಲ್ಲಿ ಸಾಯಲು ನೆರವಾಗಿರೆಂದು ಮೂವರನ್ನು ಕೇಳಿದೆ, ಮೂವರೂ ಒಲ್ಲೆನೆಂದರು. ಸ್ಟ್ರಾಟೊ ಆಗಿದ್ದ ಹುಡುಗ ಮಾತ್ರ “ಮೊದಲು ನಿಮ್ಮ ಕೈ ಕೊಡಿ” ಎಂದು ನನ್ನ ಕೈ ಹಿಡಿದ. ಅವನ ಅಂಗೈ ಬೆವರಿತ್ತು. ಉಗುರಿನ ಸಂದಿಯಲ್ಲಿ ನನ್ನ ಓಕುಳಿ ಇನ್ನೂ ಕೆಂಪಗೇ ಇತ್ತು.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ದೊಡ್ಡಪ್ಪ ಒಳಗೆ ಬಂದರು. ಟೆಂಪೋದವನು ಹೊರಗೆ ಹಾರ್ನ್ ಮಾಡುತ್ತಿದ್ದ. ಅವರು ನನ್ನ ಪಂಚೆಯ ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿ, ಮೂಸಿ, “ಅರಿಶಿನವಾ?” ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಕನ್ನಡಿಯ ಕಡೆ ನೋಡಿ, “ಅಲ್ಲ ಕಣಪ್ಪ, ಅಷ್ಟು ದೊಡ್ಡ ಪಾರ್ಟಿಗೆ ಒಂದು ಕಂದಪದ್ಯನೂ ಇಡ್ನಿಲ್ವಲ್ಲ ಅವನು” ಎಂದು ಹೇಳಿ, ಟವೆಲು ಕೊಡವಿಕೊಂಡು ಟೆಂಪೋ ಹತ್ತಲು ಹೋದರು.